ಹದಿನೇಳರ ನಡಿಗೆ

ಮಣ್ಣು ಕೊಟ್ಟು, ಮೂರನೇ ದಿನದ ಕಾರ್ಯ ಮುಗಿಸಿ, ಬಂದವರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಹುಬ್ಬಳ್ಳಿಯ ನಮ್ಮ ಓಣಿಗೆ ನೀರು ದಿನಾ ಬರುವುದಿಲ್ಲ. ಬಂದ ದಿನ ಯಾರಿಗೂ ಬೇರೆ ಕೆಲಸವಿರುವುದಿಲ್ಲ.

"ದಾನವ್ವಾ, ಏಳು. ನಳ ಬಂದಾವು," ಎಂದು ಅತ್ತೆ ಬಾಗಿಲಲ್ಲಿ ನಿಂತು ಹೇಳಿದರು. ಮಗ ಸತ್ತ ಮೇಲೆ ಅವರು ನನ್ನ ಹತ್ತಿರ ಆಡಿದ ಮೊದಲ ಸಾಧಾರಣ ಮಾತು ಅದು.

ಎದ್ದೆ. ನಡುಮನೆಯಿಂದ ಬಚ್ಚಲಿಗೆ ಹೋಗುವ ಇಕ್ಕಟ್ಟಿನಲ್ಲಿ ಏಣಿ ಮೊಣಕಾಲಿಗೆ ಬಡಿಯಿತು. ಕಬ್ಬಿಣದ ಪೈಪಿನ ಏಣಿ. ಇಟ್ಟಿಗೆಗೆಂಪು ಬಣ್ಣ. ಒಂದು ಕಾಲಿನ ಬುಡಕ್ಕೆ ಹಳೆಯ ಬಟ್ಟೆ ಸುತ್ತಿ ದಾರ ಕಟ್ಟಿತ್ತು. ಬಟ್ಟೆ ಒಣಹಾಕುವ ಸರಳನ್ನು ಬಾಲ್ಕನಿಯ ಮೇಲ್ಚಾವಣಿಗೆ ಬಿಗಿಯಲು ನನ್ನ ಗಂಡ ಪಂಚಾಕ್ಷರಿ ಅದನ್ನು ತಂದಿದ್ದ. ಸರಳು ಬಿಗಿದು ಎಷ್ಟೋ ತಿಂಗಳುಗಳಾಗಿದ್ದವು. ಏಣಿ ಮಾತ್ರ ಅಲ್ಲೇ ಇತ್ತು. ಅವನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದ. ಏಣಿ ಶಾಲೆಯದಿರಬೇಕು ಎಂದು ನಾನು ತಿಳಿದಿದ್ದೆ. ಅಷ್ಟರಲ್ಲಿ ಡೆಂಗಿ ಜ್ವರ ಬಂತು, ಆಸ್ಪತ್ರೆ ಬಂತು, ಏಣಿಯನ್ನು ಯಾರೂ ನೆನೆಯಲಿಲ್ಲ.

ಕೊಡ ತುಂಬಿಸುತ್ತ ಬಾಲ್ಕನಿಯಿಂದ ನೋಡಿದೆ. ಎದುರುಮನೆಯ ಕಾಸೀಮಸಾಬ ಕಾಕಾ ತಮ್ಮ ಬಚ್ಚಲಿನ ಮೇಲಿರುವ ಟ್ಯಾಂಕು ತುಂಬಿತೋ ಇಲ್ಲವೋ ಎಂದು ಇಣುಕುತ್ತಿದ್ದರು. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು, ಒಬ್ಬರೇ ಇರುತ್ತಾರೆ. ಒಂದು ಡ್ರಮ್ಮು ಬೋರಲು ಹಾಕಿ, ಅದರ ಮೇಲೆ ಪ್ಲಾಸ್ಟಿಕ್ ಸ್ಟೂಲು ಇಟ್ಟು, ಅದರ ಮೇಲೆ ನಿಂತಿದ್ದರು. ಒಂದು ಕೈ ಗೋಡೆಯ ಮೇಲಿತ್ತು. ಸ್ಟೂಲು ಅಲುಗುತ್ತಿತ್ತು.

"ಆ ಮುದುಕಗ ಕಾಲ್ ಮುರಕೊಳ್ಳೂ ಹುಕಿ ಬಂದಂಗೈತಿ," ಎಂದರು ಅತ್ತೆ.

ಕಾಕಾ ನಮ್ಮನ್ನು ನೋಡಿದರು. ಮೆಲ್ಲಗೆ ಇಳಿದು, ಸ್ಟೂಲು ತೆಗೆದುಕೊಂಡು ಒಳಗೆ ಹೋದರು.

ಒಳಗೆ ಬಂದ ಮೇಲೆ ಅತ್ತೆ ಚಹಾ ಸೋಸಿದರು. ಮೂರು ಲೋಟ ಆಯಿತು. ಮೂರನೆಯದನ್ನು ಸ್ವಲ್ಪ ಹೊತ್ತು ನೋಡಿ, "ಚೆಲ್ಲೂದ್ಯಾಕ," ಎಂದು ನನ್ನ ಲೋಟಕ್ಕೂ ತಮ್ಮ ಲೋಟಕ್ಕೂ ಹಂಚಿದರು.

ಸಾವಿನ ಮನೆಯಿಂದ ಹೋಗುವವರು "ಬರ್ತೇವಿ" ಎಂದು ಹೇಳಬಾರದು. ಹಾಗಾಗಿ ಆ ದಿನಗಳಲ್ಲಿ ನಮ್ಮ ಮನೆಯಿಂದ ಎಲ್ಲರೂ ಮಾತಿಲ್ಲದೆ ಎದ್ದು ಹೋಗಿದ್ದರು. ತಿರುಗಿ ನೋಡಿದಾಗ ಕುರ್ಚಿ ಖಾಲಿ ಇರುತ್ತಿತ್ತು. ಅದೇ ಒಂಥರ ಸಲೀಸು ಅನಿಸಿತ್ತು.

ನಾನು ಕೆಲಸ ಮಾಡುವ ಕಂಪನಿ ಗೋಕುಲ ರಸ್ತೆಯಲ್ಲಿದೆ. "ಪ್ಯಾಟಿ" ಎಂಬ ಖರೀದಿಯ ಆ್ಯಪ್ ನಮ್ಮದು. ಧಾರವಾಡದಲ್ಲಿ ಮನಃಶಾಸ್ತ್ರ ಓದಿದ ನನಗೆ ಅಲ್ಲಿ ಸಿಕ್ಕ ಕೆಲಸವೆಂದರೆ, ಜನ ಫೋನಿನೊಳಗೆ ದಾರಿ ಹೇಗೆ ಹುಡುಕುತ್ತಾರೆ, ಎಲ್ಲಿ ತಪ್ಪುತ್ತಾರೆ ಎಂದು ನೋಡುವುದು.

ಹಳೆಯ ಪ್ಯಾಟಿಯಲ್ಲಿ ತಪ್ಪುವುದು ಸುಲಭವಿತ್ತು. ತೆರೆಯ ಕೆಳಗೆ ಗುಂಡಿಗಳ ಸಾಲು, ಮೂಲೆಯಲ್ಲಿ ಮೆನು, ಮೆನುವಿನೊಳಗೆ ವಿಭಾಗ, ವಿಭಾಗದೊಳಗೆ ಇನ್ನೊಂದು ವಿಭಾಗ. ರೊಟ್ಟಿ ಹಂಚು ಬೇಕಾದವರು ಅಡುಗೆಮನೆಗೆ ಹೋಗಬೇಕೋ ಕಬ್ಬಿಣದ ಸಾಮಾನಿಗೆ ಹೋಗಬೇಕೋ ತಿಳಿಯದೆ ಆ್ಯಪ್ ಮುಚ್ಚಿಬಿಡುತ್ತಿದ್ದರು. ಅದನ್ನೆಲ್ಲ ಕಿತ್ತುಹಾಕಿ ನಾವು ಹೊಸದು ಕಟ್ಟುತ್ತಿದ್ದೆವು.

ಹೊಸದರಲ್ಲಿ ಮೆನು ಇರಲಿಲ್ಲ, ಗುಂಡಿ ಇರಲಿಲ್ಲ. ತೆರೆದರೆ ಒಂದು ಓಣಿ. ಹೆಬ್ಬೆರಳಿನಿಂದ ತಳ್ಳಿದರೆ ನೀವು ನಡೆಯುತ್ತೀರಿ. ಎರಡೂ ಬದಿಗೆ ಅಂಗಡಿ. ಹೆಬ್ಬೆರಳು ಎಲ್ಲಿ ತಡೆಯುತ್ತದೆ, ಎಷ್ಟು ಒತ್ತುತ್ತದೆ, ಎಲ್ಲಿಂದ ಹಿಂದಿರುಗುತ್ತದೆ ಎಂಬುದನ್ನು ನೋಡಿಕೊಂಡು ಮುಂದಿನ ಅಂಗಡಿಗಳು ತಾವೇ ಜಾಗ ಬದಲಿಸುತ್ತವೆ. ಕಾಲಿಗೆ ಇರುವಂತೆ ಹೆಬ್ಬೆರಳಿಗೂ ಒಬ್ಬೊಬ್ಬರಿಗೆ ಒಂದೊಂದು ನಡಿಗೆ ಇದೆ. ಕೆಲವು ತಿಂಗಳು ಕಲಿತರೆ ಆ ನಡಿಗೆ ಬೆರಳಿಲ್ಲದೆಯೂ ನಡೆಯಬಲ್ಲದು. ಅದನ್ನು ಕಾಣದ ಓಣಿಯಲ್ಲಿ ಬಿಟ್ಟರೂ ಆ ಮನುಷ್ಯ ಎಲ್ಲಿ ನಿಲ್ಲುತ್ತಿದ್ದನೋ ಅಲ್ಲೇ ನಿಲ್ಲುತ್ತದೆ, ಏನನ್ನು ದಾಟಿ ಹೋಗುತ್ತಿದ್ದನೋ ಅದನ್ನು ದಾಟಿ ಹೋಗುತ್ತದೆ.

ತೊಡಕಿದ್ದದ್ದು ಹೊಸಬರಲ್ಲಿ. ಇವತ್ತೇ ಆ್ಯಪ್ ಹಾಕಿಕೊಂಡವರ ನಡಿಗೆ ನಮಗೆ ಗೊತ್ತಿರುವುದಿಲ್ಲ. ಅವರಿಗೆ ಮೊದಲ ದಿನ ಯಾರ ಹಿಂದೆ ನಡೆಸುವುದು? ಇದಕ್ಕಾಗಿ ನಮ್ಮ ಸಿಬ್ಬಂದಿಯ ಮನೆಗಳಿಗೆಲ್ಲ ಪರೀಕ್ಷೆಯ ಫೋನು ಕೊಟ್ಟು, ಮನೆಯವರ ನಡಿಗೆ ಸಂಗ್ರಹಿಸಿದ್ದೆವು. ಯಾರದು ಯಾವುದು ನಮಗೆ ತಿಳಿಯದಂತೆ ನಂಬರು ಹಾಕಲಾಗಿತ್ತು. ಎಲ್ಲವನ್ನೂ ಹೊಸಬರ ಮೇಲೆ ಪ್ರಯೋಗಿಸಿದಾಗ ಹದಿನೇಳನೇ ನಂಬರು ಗೆದ್ದಿತು. ಹದಿನೇಳು ನೇರ ಹೋಗುತ್ತಿರಲಿಲ್ಲ. ಸುತ್ತುತ್ತಿತ್ತು, ನಿಲ್ಲುತ್ತಿತ್ತು, ಹತ್ತಿರ ಹೋಗಿ ನೋಡುತ್ತಿತ್ತು, ಹಿಂದೆ ಬಂದು ಮತ್ತೊಂದು ಅಂಗಡಿ ಹೊಗುತ್ತಿತ್ತು. ಕೊನೆಗೆ ಪ್ರತಿ ಸಲ ಏನಾದರೂ ಚಿಕ್ಕದೊಂದು ಕೊಳ್ಳುತ್ತಿತ್ತು. ಅದರ ಹಿಂದೆ ನಡೆದ ಹೊಸಬರೂ ಕೊಳ್ಳುತ್ತಿದ್ದರು. ವರದಿಯಲ್ಲಿ ಇದಕ್ಕೆ "ಸುತ್ತಾಟದ ಸಂತೋಷ" ಎಂದು ಹೆಸರಿಟ್ಟವಳು ನಾನೇ.

ನಾನು ಕೆಲಸಕ್ಕೆ ಮರಳಿದ ದಿನ ಫಕೀರೇಶ ಚಹಾ ತಂದಿಟ್ಟ. ಓಣಿಯನ್ನು ಕಂಪ್ಯೂಟರಿನಲ್ಲಿ ಕಟ್ಟುವವನು ಅವನು, ನನಗಿಂತ ಚಿಕ್ಕವನು. ಏನು ಮಾತಾಡಬೇಕೆಂದು ತಿಳಿಯದೆ, "ಅಕ್ಕಾರ, ಸಕ್ರಿ ಕಡಿಮಿ ಹಾಕಿಸೇನ್ರಿ," ಎಂದ. ನಾನು ಚಹಾಕ್ಕೆ ಯಾವಾಗಲೂ ಜಾಸ್ತಿ ಸಕ್ಕರೆ ಹಾಕಿಸಿಕೊಳ್ಳುವವಳು. ಕುಡಿದೆ.

ಆಮೇಲೆ ಮೆಣಸಿನಕಾಯಿ ಮೇಡಂ ಕರೆದರು. ಅದು ಅವರ ಮನೆತನದ ಹೆಸರು. ನಮ್ಮ ವಿಭಾಗದ ಮುಖ್ಯಸ್ಥೆ.

"ಕುಂದ್ರು ದಾನೇಶ್ವರಿ. ನಾ ಸುತ್ತಿ ಬಳಸಿ ಹೇಳೂದಿಲ್ಲ. ಹದಿನೇಳನೇ ನಂಬರ್‌ನವರು ತೀರಿಕೊಂಡಾರ."

ನಾನು ಕುರ್ಚಿ ಎಳೆದುಕೊಂಡು ಕುಳಿತೆ.

"ಹೊಸ ನಿಯಮದ ಪ್ರಕಾರ ತೀರಿಕೊಂಡವರ ನಡಿಗಿ ಇಟ್ಕೋಬೇಕಂದ್ರ ಮನಿಯವರ ಸಹಿ ಬೇಕು."

"ಮನಿಯವರು ಯಾರ್ರಿ?"

ಮೇಡಂ ಕಪ್ಪಿನ ಕಿವಿಯನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸಿದರು. "ನೀನ."

ಗೋಡೆಯ ಮೇಲೆ ಹೊಸ ಓಣಿಯ ನಕ್ಷೆ ಇತ್ತು. ಹದಿನೇಳರ ದಾರಿಯನ್ನು ಹಸಿರು ಗೆರೆಯಲ್ಲಿ ಎಳೆದಿದ್ದರು. ತಿಂಗಳುಗಟ್ಟಲೆ ಅದರ ಎದುರಿಗೆ ಕುಳಿತು ಊಟ ಮಾಡಿದ್ದೆ.

"ಸಹಿ ಮಾಡಿದ್ರ?"

"ಹೊಸದಾಗಿ ಬರೂ ಎಲ್ಲಾರಿಗೂ ಅವರ ನಡಿಗಿನ ಮೊದಲ ದಾರಿ ತೋರಸ್ತೈತಿ. ಹೆಸರಿರೂದಿಲ್ಲ. ಲಕ್ಷಗಟ್ಟಲೆ ಫೋನ್‌ನಾಗ ಇರತೈತಿ."

"ಇಲ್ಲಾಂದ್ರ?"

"ಅಳಿಸಬೇಕು. ಬಳಸದ ನಡಿಗಿನ ಕಂಪನಿ ಇಟ್ಕೊಳ್ಳಂಗಿಲ್ಲ, ಮನಿಯವರಿಗೂ ಕೊಡಂಗಿಲ್ಲ. ನಿಮ್ಮನಿ ಫೋನ್‌ನಾಗಿಂದನೂ ಹೋಗತೈತಿ." ನಕ್ಷೆಯ ಕಡೆ ನೋಡಿ ಹೇಳಿದರು, "ದಸರಾಕ್ಕ ಬಿಡೂದೈತಿ. ಆದ್ರೂ ನಾ ಅವಸರ ಮಾಡೂದಿಲ್ಲ. ವಿಚಾರ ಮಾಡು."

ವಿಚಾರ ಮಾಡುವುದೇನೂ ಇಲ್ಲ ಅನಿಸಿತು. ಅವನ ಅಂಗಿ, ಚಪ್ಪಲಿ, ಬ್ರಷ್ಷುಗಳು ಎಲ್ಲಿ ಇಟ್ಟಿದ್ದನೋ ಅಲ್ಲೇ ಇದ್ದವು. ಅವನದು ಎಂದು ಇನ್ನೂ ಚಲಿಸುತ್ತಿದ್ದುದು ಇದೊಂದೇ. ಸಹಿ ಮಾಡುವುದೆಂದೇ ಮನೆಗೆ ಹೋದೆ.

ಸಂಜೆ ಪರೀಕ್ಷೆಯ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು ಹದಿನೇಳನ್ನು ಓಣಿಗೆ ಬಿಟ್ಟೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ತೆರೆಯ ಮೇಲೆ ಓಣಿ ತಾನಾಗಿ ಸರಿಯತೊಡಗಿತು.

"ಏನದು?"

"ಪಂಚಾಕ್ಷರಿ ಪ್ಯಾಟ್ಯಾಗ ಹಿಂಗ ಅಡ್ಡಾಡ್ತಿದ್ದರ್ರಿ ಅತ್ತಿ. ಫೋನ್ ಕಲ್ತೈತಿ. ಅವರಿಲ್ಲದಿದ್ರೂ ಅಡ್ಡಾಡತೈತಿ."

ಅತ್ತೆ ಹಿಟ್ಟಿನ ಕೈ ಒರೆಸಿಕೊಂಡು ಹತ್ತಿರ ಬಂದರು. ಅಳಲಿಲ್ಲ. ಜಾತ್ರೆಯಲ್ಲಿ ಗುಂಪಿನ ನಡುವೆ ತಮ್ಮವರನ್ನು ಕಂಡವರ ಹಾಗೆ ಕತ್ತು ಉದ್ದ ಮಾಡಿ ನೋಡಿದರು. ನಡಿಗೆ ಬಣ್ಣದ ಅಂಗಡಿಯನ್ನು ನೋಡದೆ ದಾಟಿತು. ಚಿತ್ರ ಬರೆಯುವವನು ಬಣ್ಣ ದಾಟಿ ಹೋದದ್ದು ನನಗೆ ಆಗಲೇ ವಿಚಿತ್ರ ಅನಿಸಬೇಕಿತ್ತು. ಅದು ಕಬ್ಬಿಣದ ಸಾಮಾನಿನ ಕಡೆ ತಿರುಗಿತು. ಒಂದು ಕಡೆ ಬಹಳ ಹೊತ್ತು ನಿಂತಿತು. ಹಿಂದೆ ಬಂತು. ಕುರ್ಚಿಗಳ ಅಂಗಡಿ ಹೊಕ್ಕಿತು. ಮತ್ತೆ ಹಿಂದೆ. ಪಾತ್ರೆಯ ಅಂಗಡಿ. ಹಿಂದೆ. ಕೊನೆಗೆ ಓಣಿಯ ಬಾಯಲ್ಲಿ ನಿಂತು ಒಂದು ಉಗುರು ಕತ್ತರಿಯನ್ನು ಬುಟ್ಟಿಗೆ ಹಾಕಿತು.

ಅತ್ತೆ ಎದ್ದು ಹೋಗಿ ಕಪಾಟಿನ ಖಾನೆ ಎಳೆದರು. ಅದರಲ್ಲಿ ಹೊಸ ಉಗುರು ಕತ್ತರಿಗಳಿದ್ದವು, ಒಂದರ ಮೇಲೊಂದು ಸೋಪಿನ ಡಬ್ಬಿಗಳು, ಒಂದು ಸೀಟಿ, ಬಿಚ್ಚದ ಬಾಚಣಿಗೆಗಳು. ಅವನು ಇವನ್ನೆಲ್ಲ ಯಾಕೆ ತರಿಸುತ್ತಾನೆ ಎಂದು ನಾನು ನಕ್ಕದ್ದುಂಟು.

"ಅಣ್ಣಿಗೇರ್ಯಾಗಿದ್ದಾಗ," ಎಂದರು ಅತ್ತೆ, "ಆರೇಳು ವರ್ಷದಾಂವ ಇದ್ದ. ಸೀಗಿಪುಡಿ ತಗೊಂಬಾ ಅಂತ ಪ್ಯಾಟಿಗೆ ಕಳಿಸಿದೆ. ಹೊತ್ತ ಮುಳುಗಿದ ಮ್ಯಾಲ ಬಂದ. ಕೈಯಾಗ ಒಂದು ಸೀಟಿ. ಸೀಗಿಪುಡಿ ಎಲ್ಲೋ ಅಂದ್ರ, ಎಲ್ಲೂ ಕಾಣಲಿಲ್ಲವ್ವಾ ಅಂದ. ಕೇಳೂದಲ್ಲೇನೋ ಅಂದೆ. ಸುಮ್ಮನ ನಿಂತ. ಬಾಯಿ ಬಿಟ್ಟ ಯಾರನ್ನೂ ಕೇಳಾಂವಲ್ಲ ಅಂವ, ಅವರಪ್ಪನಂಗ."

"ಸೀಟಿ ಯಾಕ ತಂದ್ರು?"

"ಕೇಳದಿದ್ರೂ ಅಂಗಡ್ಯಾಂವ ಡಬ್ಬಿ ಎಲ್ಲಾ ತಗದ ತೋರಿಸಿದಾ, ಬರಿಗೈಲೆ ಹ್ಯಾಂಗ ಬರೂದು ಅಂದ." ಅತ್ತೆ ಖಾನೆ ಮುಚ್ಚಿದರು. "ಸುಮ್ಮನ ಅಡ್ಡಾಡಾಂವಲ್ಲವ್ವಾ ಅಂವ. ಏನೋ ಬೇಕಾಗೈತಿ. ಸಿಕ್ಕಿಲ್ಲ."

ಮರುದಿನ ಫಕೀರೇಶನಿಗೆ ಹೇಳಿದೆ, "ಹದಿನೇಳು ಏನ್ ಕೊಂಡೈತಿ ಅನ್ನೂದನ್ನ ಬಿಟ್ಟು ನೋಡೂಣು."

"ಕೊಂಡದ್ದ ಬಿಟ್ರ ನಮಗ ಪಗಾರ ಎಲ್ಲಿಂದ ಬರತೈತ್ರಿ ಅಕ್ಕಾರ?"

"ಒಂದಿನ ಬಿಡು."

ಅವನು ಖರೀದಿಗಳನ್ನೆಲ್ಲ ಮರೆಮಾಡಿ, ಹೆಬ್ಬೆರಳು ಹೆಚ್ಚು ಹೊತ್ತು ನಿಂತ ಜಾಗಗಳನ್ನು ಮಾತ್ರ ಕಪ್ಪು ಚುಕ್ಕೆಗಳಾಗಿ ತೋರಿಸಿದ. ಏಣಿಗಳು. ಕುರ್ಚಿಗಳು. ಕುಕ್ಕರು. ಬಾಟಲಿಗಳು. ಊರುಗೋಲು. ಮತ್ತೆ ಏಣಿ. ನಮ್ಮ ವರದಿಯಲ್ಲಿ ಇದಕ್ಕೆ "ವಿಶಾಲ ಆಸಕ್ತಿ" ಎಂದಿತ್ತು. ಎಲ್ಲ ಕಡೆಯೂ ಅವನು ಚಿತ್ರವನ್ನು ಎರಡು ಬೆರಳಿನಲ್ಲಿ ಅಗಲಿಸಿ ನೋಡಿದ್ದ. ಏನನ್ನು ಅಗಲಿಸಿದ್ದನೆಂದು ನಾವು ಯಾವತ್ತೂ ನೋಡಿರಲಿಲ್ಲ. ಅಗಲಿಸುವುದೆಂದರೆ ಇಷ್ಟಪಡುವುದು ಎಂದು ಎಣಿಸಿದ್ದೆವು. ಫಕೀರೇಶ ಆ ತುಣುಕುಗಳನ್ನು ತೆಗೆದು ಒಂದರ ಪಕ್ಕ ಒಂದು ಜೋಡಿಸಿದ.

ಏಣಿಯ ಕಾಲು. ಕುರ್ಚಿಯ ಕಾಲಿನ ಟೋಪಿ. ಕುಕ್ಕರಿನ ಗ್ಯಾಸ್ಕೆಟ್ಟು. ಬಾಟಲಿಯ ಬಿರಡೆ. ಊರುಗೋಲಿನ ತುದಿ.

"ಮನಷ್ಯಾ ಸಾಮಾನ ನೋಡೇ ಇಲ್ಲಲ್ರೀ," ಎಂದ ಫಕೀರೇಶ. "ಎಲ್ಲಾ ಕಡಿ ರಬ್ಬರ ನೋಡ್ಯಾರ."

ಇಕ್ಕಟ್ಟಿನಲ್ಲಿ ನಿಂತ ಏಣಿ ಕಣ್ಣೆದುರು ಬಂತು. ಒಂದು ಬುಡಕ್ಕೆ ರಬ್ಬರು, ಇನ್ನೊಂದಕ್ಕೆ ಸುತ್ತಿದ ಬಟ್ಟೆ.

ನಮ್ಮ ಪ್ಯಾಟಿಯಲ್ಲಿ ಏಣಿ ಇತ್ತು, ಏಣಿಯ ಕಾಲಿನ ರಬ್ಬರು ಇರಲಿಲ್ಲ. ಇಲ್ಲ ಎಂದು ಹೇಳುವ ಜಾಗವೂ ಇರಲಿಲ್ಲ. ಅವನು ಇರಬಹುದಾದ ಕಡೆಯೆಲ್ಲ ಇಣುಕಿ, ಕೊನೆಗೆ ಅಂಗಡಿಯವನಿಗೆ ಬೇಜಾರಾಗದಿರಲೆಂದು ಒಂದು ಉಗುರು ಕತ್ತರಿ ಕೊಂಡು ಹೊರಗೆ ಬಂದಿದ್ದ. ಮರುದಿನ ಮತ್ತೆ ಹೋಗಿದ್ದ. ಅಂಗಡಿಯವನು ಎಂಬುವನೇ ಅಲ್ಲಿರಲಿಲ್ಲ. ದಾರಿ ತಪ್ಪಿದವನೊಬ್ಬನ ಹೆಜ್ಜೆಯನ್ನು ನಾವು ಹಸಿರು ಗೆರೆಯಲ್ಲಿ ಎಳೆದು, ಎಲ್ಲರೂ ಹೀಗೆಯೇ ನಡೆಯಲಿ ಎಂದು ಗೋಡೆಗೆ ಹಾಕಿದ್ದೆವು.

"ಹದಿನೇಳರ ಹಿಂದ ಬಂದ ಹೊಸಬರು ಈಗೂ ಬರಾಕತ್ತಾರೇನು?" ಎಂದು ಕೇಳಿದೆ.

ಫಕೀರೇಶ ಹುಡುಕಿದ. ಕಿವಿಯ ಹಿಂದೆ ಕೆರೆದುಕೊಂಡ. "ಮೊದಲ ಎರಡ ವಾರ ಚಿಲ್ಲರ ಸಾಮಾನ ತಗೊಂಡಾರ್ರಿ. ಆಮ್ಯಾಲ ಬಿಟ್ಟಾರ. ನಾನು ಪರೀಕ್ಷಾ ಟೈಮ್ ಐತಿ, ಅದಕ್ಕ ಅಂತ ತಿಳಕೊಂಡಿದ್ದೆ."

"ಯಾರ ಪರೀಕ್ಷಾ?"

"ಅದ ಗೊತ್ತಿಲ್ರಿ. ವರ್ಷಾ ಪೂರ್ತಿ ಯಾರದಾರ ಇದ್ದ ಇರತೈತಲ್ಲ."

ಆವತ್ತು ಮನೆಗೆ ಹೋಗಿ ಏಣಿಯ ಮುಂದೆ ಕುಳಿತೆ. ಶಾಲೆಗೆ ಫೋನು ಮಾಡಿ ಕೇಳಿದೆ, ತಮ್ಮದಲ್ಲ ಎಂದರು. ಬಣ್ಣವನ್ನು ಸರಿಯಾಗಿ ನೋಡಿದ್ದು ಆಮೇಲೆ. ಇಟ್ಟಿಗೆಗೆಂಪು. ರೈಲಿನ ಸಾಮಾನಿಗೆ ಹಚ್ಚುವ ಬಣ್ಣ. ಬಾಲ್ಕನಿಗೆ ಹೋದೆ. ಕಾಸೀಮಸಾಬ ಕಾಕಾನ ಗೇಟು, ಕಿಟಕಿಯ ಸರಳು, ಬಚ್ಚಲಿನ ಬಾಗಿಲು ಎಲ್ಲವೂ ಅದೇ ಬಣ್ಣ. ಡ್ರಮ್ಮು ಗೋಡೆಯ ಪಕ್ಕ ಬೋರಲಾಗಿಯೇ ಇತ್ತು.

ಅವರು ಕೇಳಿರಲಿಲ್ಲ. ಸಾವಾದ ಮನೆಗೆ ಹೋಗಿ ನನ್ನ ಏಣಿ ಕೊಡಿ ಎಂದು ಯಾರು ಕೇಳುತ್ತಾರೆ.

ಸಂಜೆ ಅತ್ತೆ ತಾವೇ ಫೋನನ್ನು ಡಬ್ಬಿಗೆ ಒರಗಿಸಿದರು. ಒಂದೇ ದಿನದಲ್ಲಿ ಅದು ಅವರಿಗೆ ರೂಢಿಯಾದಂತಿತ್ತು. ರೊಟ್ಟಿ ಬಡಿಯುತ್ತ ಆಗಾಗ ತಲೆಯೆತ್ತಿ ನೋಡುತ್ತಿದ್ದರು. ಏಣಿ, ಕುರ್ಚಿ, ಕುಕ್ಕರು, ಏಣಿ. ನಾನು ರಬ್ಬರಿನ ವಿಷಯ ಹೇಳಿದೆ. ಸಹಿಯ ವಿಷಯವನ್ನೂ ಹೇಳಿದೆ. ಸಹಿ ಮಾಡಿದರೆ ಹೀಗೆಯೇ ಎಷ್ಟು ವರ್ಷ ಬೇಕಾದರೂ ನೋಡಬಹುದು. ಮಾಡದಿದ್ದರೆ ಹೋಗುತ್ತದೆ, ಮತ್ತೆ ಬರುವುದಿಲ್ಲ.

ಅತ್ತೆ ಒಂದು ರೊಟ್ಟಿ ಮುಗಿಸಿ ಹಂಚಿಗೆ ಹಾಕಿದರು. ನೀರು ಸವರಿದರು. ತಿರುವಿ ಹಾಕಿದರು.

"ಎಷ್ಟಂತ ಅಡ್ಡಾಡಬೇಕವ್ವಾ ಅಂವ," ಎಂದರು. "ಸಿಕ್ಕರ ಸಿಗಲಿ. ಇಲ್ಲಾಂದ್ರ ಮನಿಗೆ ಬರಲಿ."

ನಾನು ಫೋನು ಎತ್ತಿ ಬೋರಲಿಟ್ಟೆ.

ಮೆಣಸಿನಕಾಯಿ ಮೇಡಂ ಆ ತುಣುಕುಗಳನ್ನೆಲ್ಲ ನೋಡಿದರು. ಮೊದಲು ಒಪ್ಪಲಿಲ್ಲ.

"ಏನ ಹುಡುಕಿದ್ರೂ ಕಡೀಕ ಖರೀದಿ ಆಗತೈತಲ್ಲ. ನಮಗಷ್ಟ ಸಾಕಲ್ಲ."

"ಮುಜುಗರಕ್ಕ ತಗೋಳಾಕತ್ತಾರ್ರಿ. ಮುಜುಗರ ಆದ ಅಂಗಡಿಗೆ ಮತ್ತ ಯಾರ ಬರ್ತಾರ್ರಿ?"

"ಅದು ನಿನ್ನ ಗಂಡನ ಸ್ವಭಾವ ಇರಬೇಕು. ಎಲ್ಲಾರೂ ಹಂಗಿರೂದಿಲ್ಲ."

ಫಕೀರೇಶ ಮೆಲ್ಲಗೆ, "ಮೇಡಂ, ನೀವೂ ಹದಿನೇಳರ ಹಿಂದ ಪರೀಕ್ಷಾ ಮಾಡೀರಲ್ರೀ. ಏನೇನ ತಗೊಂಡ್ರಿ?" ಎಂದು ಕೇಳಿದ.

ಮೇಡಂ ಕನ್ನಡಕ ತೆಗೆದು ಒರೆಸಿದರು. "ಮೂರು ಸೋಪಿನ ಡಬ್ಬಿ."

"ಬೇಕಾಗಿತ್ತೇನ್ರಿ?"

"ನಾ ಹುಡುಕಿದ್ದು ಕೊಬ್ಬರಿ ಹೆರಿಯೂದು." ಕನ್ನಡಕ ಹಾಕಿಕೊಂಡರು. "ನಗಬ್ಯಾಡ ಫಕೀರೇಶ."

"ನಾ ಎಲ್ಲಿ ನಕ್ಕೆನ್ರಿ."

ಮೇಡಂ ತುಣುಕುಗಳನ್ನು ಇನ್ನೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಓಣಿ ಹೊಸದಾಗಿ ಕಟ್ಟೂಣು, ದೀಪಾವಳಿಗೆ ಹೋಗತೈತಿ, ಮ್ಯಾಲಿನವರ ಕಡಿಂದ ಬೈಸ್ಕೊಳ್ಳೂದು ನಂದಿರಲಿ. ಆದ್ರ ದಾನೇಶ್ವರಿ, ಅಳಿಸಿದ್ರ..."

"ಗೊತ್ತೈತ್ರಿ."

"ನಿಮ್ಮ ಮನ್ಯಾಗಿಂದೂ."

"ಗೊತ್ತೈತ್ರಿ ಮೇಡಂ."

ಹೊಸ ಓಣಿಯಲ್ಲಿ ನಾವು ಹೊಸಬರಿಗೆ ಯಾರ ನಡಿಗೆಯನ್ನೂ ಕೊಡಲಿಲ್ಲ. ಬದಲಿಗೆ ಒಂದೇ ಒಂದು ಸಂಗತಿ ಸೇರಿಸಿದೆವು. ಹೆಬ್ಬೆರಳು ಹುಡುಕಿ ಹುಡುಕಿ ಮತ್ತೆ ಮೊದಲಿನ ಜಾಗಕ್ಕೇ ಬಂದರೆ ಓಣಿ ನಿಲ್ಲುತ್ತದೆ. ನಿಂತು, "ಏನ್ ಬೇಕಾಗಿತ್ರೀ?" ಎಂದು ಕೇಳುತ್ತದೆ. ಹೇಳಿದ್ದು ನಿಜವಾದ ಅಂಗಡಿಗಳಿಗೆ ಹೋಗುತ್ತದೆ. ಇದ್ದವರು ಇದೆ ಎನ್ನುತ್ತಾರೆ, ಇಲ್ಲದವರು ಇಲ್ಲ ಎನ್ನುತ್ತಾರೆ. ಇಲ್ಲ ಎಂದು ಹೇಳಿಸುವುದಕ್ಕೆ ಮೇಲಿನವರನ್ನು ಒಪ್ಪಿಸಲು ಮೇಡಂಗೆ ಬಹಳ ಕಷ್ಟವಾಯಿತಂತೆ.

ಅಳಿಸುವ ದಿನ ಫಕೀರೇಶನಿಗೆ ಹೇಳಿದೆ, "ಹೊಸ ಓಣ್ಯಾಗ ಹದಿನೇಳನ್ನ ಒಮ್ಮೆ ಬಿಡು."

ಬಿಟ್ಟ. ಬಣ್ಣದ ಅಂಗಡಿ ದಾಟಿತು. ಏಣಿಯ ಕಾಲಿನ ಹತ್ತಿರ ನಿಂತಿತು. ಕುರ್ಚಿಗೆ ಹೋಗಿ ಬಂತು. ಕುಕ್ಕರಿಗೆ ಹೋಗಿ ಬಂತು. ಮತ್ತೆ ಏಣಿ. ಓಣಿ ನಿಂತಿತು.

ಏನ್ ಬೇಕಾಗಿತ್ರೀ?

ನಡಿಗೆಗೆ ಬಾಯಿ ಇರಲಿಲ್ಲ. ಅಲ್ಲೇ ನಿಂತಿತ್ತು, ಬಾಯಿ ಇದ್ದಾಗಲೂ ಅವನು ನಿಲ್ಲುತ್ತಿದ್ದ ಹಾಗೆಯೇ. ನಾನು ಬೆರಳಿಟ್ಟು ಬರೆದೆ: ಕಬ್ಬಿಣದ ಏಣಿಯ ಕಾಲಿಗೆ ಹಾಕುವ ರಬ್ಬರು, ಒಂದು. ಪೈಪಿನ ಅಳತೆಯನ್ನು ಮನೆಯಿಂದ ದಾರದಲ್ಲಿ ತೆಗೆದುಕೊಂಡು ಬಂದಿದ್ದೆ.

ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ದುರ್ಗದಬೈಲಿನ ಒಂದು ಅಂಗಡಿಯಿಂದ ಉತ್ತರ ಬಂತು. "ಊರುಗೋಲಿನ ರಬ್ಬರ ಕೂಡತೈತ್ರಿ. ಆದ್ರ ಎರಡ ಒಯ್ರಿ. ಒಂದ ಹೊಸಾದು ಒಂದ ಹಳೇದು ಹಾಕಿದ್ರ ಏಣಿ ಓರೆ ನಿಂದರತೈತಿ."

ಊರುಗೋಲಿನ ತನಕ ಅವನು ತಾನೇ ಹೋಗಿದ್ದ. ಕೂಡುತ್ತದೋ ಇಲ್ಲವೋ ಎಂದು ಕೇಳುವವರಿಲ್ಲದೆ ಹಿಂದೆ ಬಂದಿದ್ದ.

"ಒತ್ತಲೇನ್ರಿ ಅಕ್ಕಾರ?" ಎಂದ ಫಕೀರೇಶ. ಅವನ ಬೆರಳು ಕೀಲಿಯ ಮೇಲಿತ್ತು, ಕಣ್ಣು ನನ್ನ ಕಡೆ ಇರಲಿಲ್ಲ.

"ಒತ್ತು."

ಓಣಿ ಹಾಗೆಯೇ ಇತ್ತು, ಎರಡೂ ಬದಿ ಅಂಗಡಿಗಳಿದ್ದವು. ಅದು ಮತ್ತೆ ಸರಿಯಲಿಲ್ಲ.

ಮನೆಗೆ ಹೋಗುವಾಗ ದುರ್ಗದಬೈಲಿನಲ್ಲಿ ಇಳಿದು ಎರಡು ರಬ್ಬರು ತೆಗೆದುಕೊಂಡೆ. ಅಂಗಡಿಯವನು ಇನ್ನೇನು ಬೇಕು ಎಂದು ಕೇಳಿದ. ಏನೂ ಬೇಡ ಎಂದೆ.

ಮತ್ತೆ ನೀರು ಬಂದ ಬೆಳಿಗ್ಗೆ ಏಣಿಯನ್ನು ಬಾಲ್ಕನಿಯಲ್ಲಿ ಮಲಗಿಸಿದೆವು. ದಾರ ಕತ್ತರಿಸಿ ಬಟ್ಟೆ ಬಿಚ್ಚಿದೆ. ಇನ್ನೊಂದು ಕಾಲಿನ ಹಳೆಯ ರಬ್ಬರು ಸೀಳಿತ್ತು, ಅದನ್ನೂ ಕಿತ್ತೆ. ಹೊಸದು ಸುಲಭಕ್ಕೆ ಏರಲಿಲ್ಲ. ಅತ್ತೆ ಸೋಪಿನ ನೀರು ಹಚ್ಚಿದರು. ಸೋಪಿಗೆ ಡಬ್ಬಿಯ ಕೊರತೆ ನಮ್ಮ ಮನೆಯಲ್ಲಿರಲಿಲ್ಲ. ತಿರುಗಿಸುತ್ತ ಒತ್ತಿದಾಗ ಎರಡೂ ಕೂತವು.

"ಹಂಗ ಬರೇ ಒಯ್ದ ಕೊಡ್ತಿಯೇನು? ಇಸ್ಕೊಂಡದ್ದ ಖಾಲಿ ಕೊಡಬಾರ್ದು," ಎಂದರು ಅತ್ತೆ. ಪಾತ್ರೆ ಹಿಂದಿರುಗಿಸುವಾಗ ಅದರಲ್ಲಿ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುವುದು ಅವರ ಪದ್ಧತಿ.

"ಏಣ್ಯಾಗ ಏನ್ ತುಂಬಿಸಿ ಕೊಡೂದ್ರಿ ಅತ್ತಿ?"

ಅವರು ಏಣಿಯನ್ನು ಮೇಲಿನಿಂದ ಕೆಳಗೆ ನೋಡಿದರು. "ರಬ್ಬರ ಹಾಕೀಯಲ್ಲ. ಆತು, ನಡಿ."

ಮುಂದಿನ ತುದಿ ನಾನು, ಹಿಂದಿನದು ಅತ್ತೆ. ಓಣಿಯಲ್ಲಿ ಕೊಡ ಹಿಡಿದು ನಿಂತಿದ್ದವರು ದಾರಿ ಬಿಟ್ಟರು. ಕಾಸೀಮಸಾಬ ಕಾಕಾ ಡ್ರಮ್ಮಿನ ಮೇಲೆ ಸ್ಟೂಲು ಇಡುತ್ತಿದ್ದರು. ಗೇಟಿನ ಸದ್ದಿಗೆ ತಿರುಗಿದರು.

"ಯಾಕವ್ವಾ ಇಷ್ಟ ತ್ರಾಸ ತಗೊಂಡ್ರಿ. ಇರ್ತಿತ್ತು ಅಲ್ಲೇ."

"ತಡಾ ಆತ್ರಿ ಕಾಕಾ," ಎಂದೆ. "ನಮ್ಮ ಮನ್ಯಾಗಿದ್ದಾಗ ಒಂದು ರಬ್ಬರ ಕಳದಿತ್ತು. ಅದನ್ನ ಹುಡುಕಾಕತ್ತಿದ್ರು ಅಂತ ಕಾಣತೈತಿ. ಈಗ ಎರಡೂ ಹೊಸಾವು ಹಾಕೇವಿ."

ಕಾಕಾ ಬಗ್ಗಿ ಏಣಿಯ ಕಾಲು ಮುಟ್ಟಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಕಳದಿದ್ದಿಲ್ಲವ್ವಾ. ಅದು ಇಲ್ಲದ ಎರಡ ವರ್ಷ ಆಗಿತ್ತು. ಆ ಬಟ್ಟಿ ಕಟ್ಟಿದಾಂವ ನಾನ."

ನನಗೆ ತಿಳಿಯಲಿಲ್ಲ.

"ಏಣಿ ಒಯ್ಯಾಕ ಬಂದಾಗ ನಿನ್ನ ಗಂಡ ನೋಡಿದ. ಕಾಕಾ, ಇದರ ಮ್ಯಾಲ ಹತ್ತತೀರೇನ್ರಿ, ಜಾರಿದ್ರ ಹ್ಯಾಂಗ ಅಂದ. ವಾಪಸ್ ತರೂಮುಂದ ರಬ್ಬರ ಹಾಕಿ ತರ್ತೇನಿ ಅಂದ. ಬ್ಯಾಡೋ ಮಾರಾಯಾ ಅಂದೆ. ಕೇಳಬೇಕಲ್ಲ ಅಂವ." ಕಾಕಾ ಏಣಿಯನ್ನು ಎತ್ತಿ ಬಚ್ಚಲಿನ ಗೋಡೆಗೆ ಒರಗಿಸಿದರು. "ಎರಡ ಸಲ ದಾರ್ಯಾಗ ಸಿಕ್ಕಿದ್ದ. ಇನ್ನೂ ಸಿಕ್ಕಿಲ್ರಿ ಕಾಕಾ, ನಾಳೆ ತರ್ತೇನ್ರಿ ಅಂತಿದ್ದ. ನಾಚಕೊಂಡ ಓಡಿ ಹೋಗ್ತಿದ್ದ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಕೇಳಬೇಕಾಗಿತ್ತು ಯಾರನ್ನರ," ಎಂದರು.

ಮೇಲೆ ಟ್ಯಾಂಕಿನಲ್ಲಿ ನೀರು ಬೀಳುವ ಸದ್ದು ಬದಲಾಗಿತ್ತು. ತುಂಬುತ್ತ ಬಂದಿತ್ತು. ಕಾಕಾ ಚಪ್ಪಲಿ ಬಿಟ್ಟು ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ನಾನು ಹೋಗಿ ಏಣಿಯ ಎರಡೂ ಬದಿಯನ್ನು ಹಿಡಿದುಕೊಂಡೆ. ಅವರು ಒಂದೊಂದೇ ಮೆಟ್ಟಿಲು ಹತ್ತಿ, ಮುಚ್ಚಳ ಸರಿಸಿ, ಒಳಗೆ ಇಣುಕಿದರು.

"ಬಿಡವ್ವಾ," ಎಂದರು ಮೇಲಿನಿಂದ. "ಅಲಗಾಡವಲ್ದು."

ಹೌದು, ಅಲುಗುತ್ತಿರಲಿಲ್ಲ.

"ಇರಲಿ ಬಿಡ್ರಿ ಕಾಕಾ," ಎಂದೆ. ಅವರು ಇಳಿಯುವ ತನಕ ಹಿಡಿದೇ ನಿಂತಿದ್ದೆ.